ಇಂಪಿ ಅಜ್ಜಿಯ ವಿಮಾನ ಮತ್ತು ನಡುಗುವ ಗೆರೆಗಳು

“ಎತ್ತಜ್ಜಿ! ಮೂತಿ ಎತ್ತು! ಮೂತಿ!”

“ನನ್ನ ಮೂತೀನೋ, ವಿಮಾನದ ಮೂತೀನೋ?”

“ವಿಮಾನದ್ದು!”

ಸೈಮಿ ಕುರ್ಚಿಯಿಂದ ಚಂಗನೆ ಎದ್ದು ನಿಂತಳು. ಅದೇ ಕ್ಷಣಕ್ಕೆ ಮಾನಿಟರಿನ ತುಂಬ ಗೆರೆಗಳು ಬಂದವು. ಬಿಳಿ ಗೆರೆ, ಹಸಿರು ಗೆರೆ, ಗುಲಾಬಿ ಗೆರೆ. ಅಡ್ಡಡ್ಡ ಬಂದು, ಚಳಿಗೆ ಸಿಕ್ಕ ಹಲ್ಲಿನ ಹಾಗೆ ಗಡಗಡ ನಡುಗಿ, ಫಕ್ಕನೆ ಮಾಯವಾದವು. ಚಿತ್ರ ವಾಪಸ್ ಬಂದಾಗ ಇಂಪಿ ಅಜ್ಜಿಯ ವಿಮಾನ ರನ್‌ವೇ ಮೇಲೆ ಇರಲಿಲ್ಲ. ಪಕ್ಕದ ಪೈನ್ ಕಾಡಿನೊಳಗೆ ತಲೆ ಹುದುಗಿಸಿ, ಬಾಲ ಮೇಲೆ ಮಾಡಿಕೊಂಡು, ಮುಳುಗು ಹಾಕಿದ ಬಾತುಕೋಳಿಯ ಹಾಗೆ ನಿಂತಿತ್ತು.

“ನೋಡಿದ್ಯಾ? ನೋಡಿದ್ಯಾ?” ಅಜ್ಜಿ ಮಾನಿಟರಿಗೆ ಬೆರಳು ತೋರಿಸಿದಳು. “ಗೆರೆ ಬಂತು! ಅದು ಬರದೇ ಇದ್ದಿದ್ರೆ ಬೆಣ್ಣೆ ಮೇಲೆ ಚಮಚ ಇಟ್ಟ ಹಾಗೆ ಇಳಿಸ್ತಿದ್ದೆ.”

ವಿಮಾನ ನಿಜವಾದದ್ದಲ್ಲ, ಕಂಪ್ಯೂಟರಿನೊಳಗಿನದು. ಆದರೆ ಆ ಮಾತನ್ನು ಅಜ್ಜಿಯ ಎದುರು ಹೇಳುವ ಧೈರ್ಯ ಇಡೀ ಕಾಯಾನಿ ಊರಿನಲ್ಲಿ ಯಾರಿಗೂ ಇರಲಿಲ್ಲ.

ಅಜ್ಜಿ ಮೂವತ್ತೊಂದು ವರ್ಷ ಆ ಊರಿನ ನಾಲ್ಕನೇ ನಂಬರ್ ಬಸ್ಸು ಓಡಿಸಿದವಳು. ಇಂಪು ಹೆಸರಿನಲ್ಲಷ್ಟೇ, ಗಂಟಲಲ್ಲಿ ಇದ್ದದ್ದು ಬಸ್ಸಿನ ಹಾರನ್ನು. ನಿವೃತ್ತಿಯ ದಿನ ಡಿಪೋದವರು ಹೂಗುಚ್ಛ ಹಿಡಿದುಕೊಂಡು ಬಂದರೆ, “ಹೂವು ನಾಳೆ ಬಾಡುತ್ತೆ, ನನ್ನ ಸೀಟು ಕೊಡಿ” ಎಂದು ಡ್ರೈವರ್ ಸೀಟನ್ನೇ ಬಿಚ್ಚಿಸಿಕೊಂಡು ಮನೆಗೆ ತಂದಿದ್ದಳು. ಈಗ ವಿಮಾನ ಹಾರಿಸುವುದೂ ಅದರ ಮೇಲೆ ಕೂತೇ. ಹಳೇ ಅಭ್ಯಾಸ ಎಲ್ಲಿ ಹೋಗುತ್ತದೆ? ಮೋಡಗಳ ನಡುವೆ ಹಾರುವಾಗಲೂ “ಒಳಗೆ ಹೋಗಿ, ಒಳಗೆ ಹೋಗಿ, ಬಾಗಿಲ ಹತ್ರ ನಿಲ್ಬೇಡಿ” ಎನ್ನುತ್ತಿದ್ದಳು.

ಪಕ್ಕದ ತಿರುಗುವ ಕುರ್ಚಿ ಸೈಮಿಯದು. ವಯಸ್ಸು ಹತ್ತು, ನಾಲ್ಕನೇ ಕ್ಲಾಸು, ಕೆಲಸ ಕೋ-ಪೈಲಟ್. ಎತ್ತರ ಎಷ್ಟು, ವೇಗ ಎಷ್ಟು, ಚಕ್ರ ಇಳಿಸಿದ್ದಾಯಿತಾ ಎಂದು ಅವಳು ಓದಿ ಹೇಳಬೇಕು.

ಬರುವ ಭಾನುವಾರ ಎರಡು ಗಂಟೆಗೆ ಅಜ್ಜಿಗೆ ಪರೀಕ್ಷೆ. ‘ಹಿರಿಯರ ಹಾರಾಟ ಬಳಗ’ ಅಂತ ಒಂದಿದೆ. ಹನ್ನೊಂದು ಜನ ಅಜ್ಜ ಅಜ್ಜಿಯರು ತಮ್ಮ ತಮ್ಮ ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಹಾರುತ್ತಾರೆ. ಅವರಲ್ಲಿ ಹತ್ತು ಜನ ಆಗಲೇ ಕ್ಯಾಪ್ಟನ್. ಉಳಿದದ್ದು ಇಂಪಿ ಅಜ್ಜಿ ಒಬ್ಬಳೇ. ಕಾಯಾನಿಯಿಂದ ಹೊರಟು ಉತ್ತರದ ರೊವಾನಿಯೆಮಿ ಊರಿನಲ್ಲಿ ಸರಿಯಾಗಿ ಇಳಿಸಿದರೆ, ಅಂಗಿಯ ತೋಳಿಗೆ ಹೊಲಿದುಕೊಳ್ಳಲು ನಾಲ್ಕು ಚಿನ್ನದ ಬಣ್ಣದ ಪಟ್ಟಿಗಳು ಅಂಚೆಯಲ್ಲಿ ಬರುತ್ತವೆ.

“ತೋಳಿನ ಮೇಲೆ ಬರಬೇಕಾದ ಗೆರೆ ಮಾನಿಟರ್ ಮೇಲೆ ಬಂದಿದೆ,” ಎಂದಳು ಅಜ್ಜಿ. “ಅಂಚೆಯವ್ನಿಗೆ ವಿಳಾಸ ತಪ್ಪಿರ್ಬೇಕು.”

ಗದ್ದಲ ಕೇಳಿ ಅಪ್ಪ ಬಂದರು. ಅಪ್ಪ ಮಾತಿನಲ್ಲಿ ಬಲು ಜಿಪುಣ. ದಿನಕ್ಕೆ ಹತ್ತು ಮಾತು ಆಡಿಬಿಟ್ಟರೆ ಹನ್ನೊಂದನೆಯದಕ್ಕೆ ಗಂಟಲು ನೋಯುತ್ತಿತ್ತೇನೋ.

“ಹ್ಮ್,” ಎಂದರು. ಕಂಪ್ಯೂಟರ್ ಆಫ್ ಮಾಡಿದರು. ಆನ್ ಮಾಡಿದರು. ಗೆರೆ ಇರಲಿಲ್ಲ. “ಆಯ್ತು,” ಎಂದು ಹೋದರು.

ಅಜ್ಜಿ ಮತ್ತೆ ಹಾರಿಸಿದಳು. ರನ್‌ವೇ ಹತ್ತಿರ ಬಂತು. ವಿಮಾನ ಒಂದು ರೆಕ್ಕೆ ಮೇಲೆ, ಒಂದು ರೆಕ್ಕೆ ಕೆಳಗೆ ಮಾಡಿಕೊಂಡು ವಾಲಿತು. “ಅಯ್ಯೋ, ಅಜ್ಜೀ!” ಎಂದು ಸೈಮಿ ಎದ್ದಳು. ಗೆರೆ! ಈ ಸಲ ವಿಮಾನ ಹೋಗಿ ಕೂತದ್ದು ಒಂದು ಸೂಪರ್‌ಮಾರ್ಕೆಟ್ಟಿನ ಚಾವಣಿಯ ಮೇಲೆ.

“ಹೋಗ್ಲಿ ಬಿಡು,” ಎಂದಳು ಅಜ್ಜಿ. “ಮನೇಲಿ ಹಾಲೂ ಮುಗಿದಿತ್ತು.”

ಮಾರನೇ ದಿನ ಓಯ್ವ ಬಂದ. ಸೈಮಿಯ ಅತ್ತೆಯ ಮಗ, ಅದೇ ಕಟ್ಟಡದ ಮೂರನೇ ಮಹಡಿಯವನು. ಅವಳಿಗಿಂತ ಎರಡೇ ವರ್ಷ ದೊಡ್ಡವನು, ಆದರೆ ಇನ್ನೂರು ವರ್ಷ ದೊಡ್ಡವನ ಹಾಗೆ ನಡೆಯುತ್ತಿದ್ದ. ಕೈಯಲ್ಲಿ ಸ್ಕ್ರೂಡ್ರೈವರ್, ಟಾರ್ಚು, ಬೆಳ್ಳಿ ಬಣ್ಣದ ಟೇಪು. ಮಾನಿಟರಿನ ಮುಂದೆ ಕೂತು, ಆಸ್ಪತ್ರೆಯ ಡಾಕ್ಟರ ಹಾಗೆ ಗಂಟಲು ದಪ್ಪ ಮಾಡಿಕೊಂಡ.

“ಎಷ್ಟು ದಿನದಿಂದ ಇದೆ ಗೆರೆ?”

“ಮೂರು ದಿನ ಡಾಕ್ಟ್ರೇ,” ಎಂದಳು ಅಜ್ಜಿ.

“ಊಟಕ್ಕೆ ಮುಂಚೇನೋ, ಆಮೇಲೋ?”

“ಇಳಿಯೋ ಹೊತ್ತಿಗೆ.”

“ಹೂಂ. ಕೆಮ್ಮು ಇದ್ಯಾ?”

ಕೇಬಲ್ಲನ್ನು ಎರಡೂ ತುದಿಯಲ್ಲಿ ಬಿಗಿ ಮಾಡಿದ. ಹಾರಿಸಿದರು, ಗೆರೆ ಬಂತು. ಕೇಬಲ್ಲನ್ನೇ ಬದಲಾಯಿಸಿದ. ಗೆರೆ ಬಂತು. ಸೆಟ್ಟಿಂಗ್ಸ್ ಒಳಗೆ ಹೋಗಿ, ಚಿತ್ರ ಸೆಕೆಂಡಿಗೆ ಅರವತ್ತು ಸಲ ಬದಲಾಗುತ್ತಿದ್ದದ್ದನ್ನು ಎಪ್ಪತ್ತೈದು ಸಲ ಮಾಡಿದ. ಗೆರೆ ಇನ್ನೂ ಉತ್ಸಾಹದಿಂದ ಬಂತು. ಕೊನೆಗೆ ಮೂರನೇ ಮಹಡಿಗೆ ಓಡಿ ತನ್ನದೇ ಮಾನಿಟರ್ ಹೊತ್ತು ತಂದು ಜೋಡಿಸಿದ. ಅಜ್ಜಿ ಇಳಿಸಲು ಹೊರಟಳು, ಸೈಮಿ ಎದ್ದು ನಿಂತು ಕೂಗಿದಳು, ಅದರ ಮೇಲೂ ಅದೇ ಗೆರೆ.

ಓಯ್ವ ಗಲ್ಲ ಕೆರೆದುಕೊಂಡ. “ಮಾನಿಟರ್ ಬೇರೆ. ಕೇಬಲ್ ಬೇರೆ. ಗೆರೆ ಮಾತ್ರ ಅದೇ. ಹಾಗಾದ್ರೆ ನಾವು ಇನ್ನೂ ಬದಲಾಯಿಸದೇ ಇರೋದು ಯಾವುದು?”

ಅವನು ಮೆಲ್ಲಗೆ ಸೈಮಿಯ ಕಡೆ ತಿರುಗಿದ. ಅಜ್ಜಿಯೂ ತಿರುಗಿದಳು.

“ನಾನಾ?” ಎಂದಳು ಸೈಮಿ.

“ಕೆಲವರ ಮೈಯಲ್ಲಿ ಕರೆಂಟ್ ಜಾಸ್ತಿ ಇರುತ್ತಂತೆ. ಲೇ, ನೀನು ಸ್ವಲ್ಪ ಬಾಗಿಲ ಆಚೆ ಹೋಗು, ನೋಡೋಣ.”

ಅವಳು ಹೋದಳು. ಓಯ್ವ ಅವಳ ಕುರ್ಚಿಯಲ್ಲಿ ಮೈ ಚೆಲ್ಲಿ ಕೂತ. ವಿಮಾನ ಇಪ್ಪತ್ತು ನಿಮಿಷ ಹಾರಿತು. ಒಂದೇ ಒಂದು ಗೆರೆ ಬರಲಿಲ್ಲ.

“ಕೇಸ್ ಮುಗೀತು!” ಓಯ್ವ ಮಾನಿಟರ್ ಆಫ್ ಮಾಡಿ ಎದ್ದು, ಬೆಳ್ಳಿ ಟೇಪು ಹರಿದು ಹೊಸ್ತಿಲ ಬಳಿ ನೆಲಕ್ಕೆ ಅಡ್ಡಲಾಗಿ ಅಂಟಿಸಿದ. “ನೋಡು ಸೈಮಿ, ನೀನು ಈ ಗೆರೆ ದಾಟದಿದ್ರೆ ಆ ಗೆರೆ ಬರಲ್ಲ. ಭಾನುವಾರ ಕೋ-ಪೈಲಟ್ ನಾನೇ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು.

“ಅಜ್ಜಿ, ನೀನೂ ನಂಬ್ತೀಯಾ?”

ಅಜ್ಜಿ ಹೆಣಿಗೆಯ ಬುಟ್ಟಿಯಿಂದ ಅರ್ಧ ಆದ ಕಾಲುಚೀಲ ಎತ್ತಿಕೊಂಡು, ಸೈಮಿಯ ಮುಖ ನೋಡದೆ ಕುಣಿಕೆ ಎಣಿಸತೊಡಗಿದಳು. “ಪರೀಕ್ಷೆ ಒಂದು ಮುಗೀಲಿ, ಪುಟ್ಟಿ. ಆಮೇಲೆ ದಿನಾ ನೀನೇ ಕೂರು.”

ಪರೀಕ್ಷೆಯ ದಿನವೇ ಕೂರದವಳು ಆಮೇಲೆ ಕೂತರೆಷ್ಟು, ಬಿಟ್ಟರೆಷ್ಟು! ಸೈಮಿ ತನ್ನ ಕೋಣೆಗೆ ಹೋಗಿ ದಿಂಬಿಗೆ ಎರಡು ಗುದ್ದಿದಳು. ಒಂದು ಓಯ್ವನಿಗೆ. ಇನ್ನೊಂದು ಕೂಡ ಓಯ್ವನಿಗೇ.

ಶುಕ್ರವಾರ ಹೊರಗೆ ಮೈನಸ್ ಇಪ್ಪತ್ತೆಂಟು ಡಿಗ್ರಿ ಚಳಿ. ಅಪ್ಪ ಏಲಕ್ಕಿ ಬನ್ನು ಬೇಯಿಸಿದ್ದರು. ತಟ್ಟೆ ಹಿಡಿದು ಸೈಮಿ ಹೊಸ್ತಿಲಿಗೆ ಬಂದಳು. ಟೇಪಿನ ಈಚೆಗೇ ನಿಂತು, ಆದಷ್ಟೂ ಸೊಟ್ಟ ಮೋರೆ ಮಾಡಿ, “ತಗೊಳ್ಳಿ ಮಹಾಸ್ವಾಮಿ” ಎಂದು ತಟ್ಟೆ ಚಾಚಿದಳು.

ವಿಮಾನ ಇಳಿಯುವುದರಲ್ಲಿತ್ತು. ಆದರೆ ಬನ್ನಿನ ವಾಸನೆ ಓಯ್ವನ ಮೂಗು ಹಿಡಿದು ಎಳೆಯಿತು. ಅವನು ಕುರ್ಚಿಯಿಂದ ಎದ್ದು ಕೈ ನೀಡಿದ.

ಗೆರೆ!

“ಅಯ್ಯಯ್ಯೋ, ಹೋಯ್ತು, ನದಿಗೆ ಹೋಯ್ತು!” ಎಂದಳು ಅಜ್ಜಿ.

“ಸೈಮಿ ಟೇಪ್ ದಾಟಿದ್ಲು!” ಎಂದ ಓಯ್ವ, ಬಾಯಿ ತುಂಬ ಬನ್ನು.

“ದಾಟಿಲ್ಲ! ನೋಡು, ಹೆಬ್ಬೆರಳು ನೋಡು! ಇನ್ನೂ ಒಂದು ಗೇಣು ದೂರ ಇದೆ!”

“ಕೈ ಚಾಚಿದ್ಯಲ್ಲ, ಅದು ದಾಟಿದ ಲೆಕ್ಕಾನೇ.”

 ಸೈಮಿ ಕುರ್ಚಿಯನ್ನು ನೋಡುತ್ತಿದ್ದಳು. ಓಯ್ವ ಕೂತಿದ್ದಾಗ ಗೆರೆ ಇರಲಿಲ್ಲ. ಎದ್ದಾಗ ಬಂತು. ತಾನು ಕೂತಿದ್ದಾಗಲೂ ಬರುತ್ತಿರಲಿಲ್ಲ. ಎದ್ದಾಗ ಬರುತ್ತಿತ್ತು.

ಶನಿವಾರ ಸಂಜೆ ಎಲ್ಲರದೂ ಸೌನಾ, ಅಂದರೆ ಹಬೆಸ್ನಾನ, ಆಯಿತು. ಬಿಸಿ ಕಲ್ಲಿನ ಮೇಲೆ ಅಪ್ಪ ನೀರು ಎರಚಿದ್ದೇ ಎರಚಿದ್ದು. ಹಬೆ ಬಾಗಿಲ ಸಂದಿಯಿಂದ ನುಸುಳಿ ಮನೆಯೆಲ್ಲ ಓಡಾಡಿತು. ಮೈಯೆಲ್ಲ ಬೇಯಿಸಿದ ಬೀಟ್‌ರೂಟಿನಂತಾದ ಓಯ್ವ, ಅಜ್ಜಿ, ಅಪ್ಪ ಅಡುಗೆಮನೆಯಲ್ಲಿ ಕೂತು ಸಾಸೇಜಿಗೆ ಸಾಸಿವೆ ಹಚ್ಚಿ ತಿನ್ನುತ್ತಿದ್ದರು. ಸೈಮಿ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು, ಬರಿಗಾಲಲ್ಲಿ, ಕಳ್ಳಬೆಕ್ಕಿನಂತೆ ಕಂಪ್ಯೂಟರ್ ಕೋಣೆಗೆ ಹೋದಳು.

ಮೊದಲು ಹೆಬ್ಬೆರಳು ಟೇಪು ದಾಟಿತು. ಏನೂ ಆಗಲಿಲ್ಲ. ಆಮೇಲೆ ಉಳಿದ ಸೈಮಿ ದಾಟಿದಳು.

ಮಾನಿಟರ್ ಆನ್ ಮಾಡಿ ಕುರ್ಚಿಯಲ್ಲಿ ಕೂತಳು. ಉಸಿರು ಬಿಗಿ ಹಿಡಿದು ಎದ್ದಳು. ಗೆರೆ ಇಲ್ಲ. ಕೂತಳು, ನೆಗೆದಳು. ಇಲ್ಲ. ಹದಿನೆಂಟು ಸಲ ನೆಗೆದಳು.

“ಬಾ ಗೆರೆ, ಬಾ ಬಾ ಬಾ,” ಎಂದು ಬೆಕ್ಕಿಗೆ ಹಾಲು ತೋರಿಸುವವಳಂತೆ ಕರೆದಳು. ಅದು ಬರಲೇ ಇಲ್ಲ.

ಹಾಗಾದರೆ ಕುರ್ಚಿಯದೂ ತಪ್ಪಲ್ಲವೇ? ಸೈಮಿಯ ತಲೆ ಕೆಟ್ಟು ಮೊಸರಾಯಿತು.

ಭಾನುವಾರ ಬೆಳಿಗ್ಗೆ ಎದ್ದವಳೇ, ಎಲ್ಲರೂ ಮಾಡುವ ಹಾಗೆ, ಮೊದಲು ಉಣ್ಣೆಯ ಕಾಲುಚೀಲ ಏರಿಸಿದಳು. ಆ ಮನೆಯಲ್ಲಿ ಎಲ್ಲರ ಕಾಲಿನಲ್ಲೂ ಇದ್ದದ್ದು ಅಜ್ಜಿ ಹೆಣೆದ ಚೀಲಗಳೇ. ಅಪ್ಪನದು ಬೂದು. ಓಯ್ವನದರ ಮೇಲೆ ಹಿಮಸಾರಂಗ, ನೋಡಿದರೆ ಹೊಟ್ಟೆ ನೋವು ಬಂದ ನಾಯಿಯಂತೆ ಕಾಣುತ್ತಿತ್ತು. ಸೈಮಿಯದು ಕೆಂಪು, ತುದಿಗೆ ಗೊಂಡೆ. ನಿದ್ದೆಗಣ್ಣಲ್ಲಿ ಕಾಲೆಳೆದುಕೊಂಡು ಹೋಗಿ ಕಂಪ್ಯೂಟರ್ ಕೋಣೆಯ ಬಾಗಿಲ ಹಿಡಿಕೆ ಮುಟ್ಟಿದಳು.

ಚಟ್!

“ಅಮ್ಮಾ!” ಬೆರಳ ತುದಿಗೆ ಇರುವೆ ಕಚ್ಚಿದ ಹಾಗಾಯಿತು. ಕಿಡಿ! ಸೈಮಿ ಬೆರಳು ನೋಡಿದಳು. ಹಿಡಿಕೆ ನೋಡಿದಳು. ಆಮೇಲೆ ಮೆಲ್ಲಗೆ ಕಾಲಿನ ಗೊಂಡೆ ನೋಡಿದಳು.

ಓಡಿ ಹೋಗಿ ಮಾನಿಟರ್ ಆನ್ ಮಾಡಿ, ಕುರ್ಚಿಯಲ್ಲಿ ಕೂತು ಎದ್ದಳು. ಗೆರೆ! ಚೀಲ ಬಿಚ್ಚಿ ಕೂತು ಎದ್ದಳು. ಇಲ್ಲ. ಹಾಕಿಕೊಂಡಳು, ಗೆರೆ. ಬಿಚ್ಚಿದಳು, ಇಲ್ಲ.

“ಅಪ್ಪಾ! ಓಯ್ವನ್ನ ಕರಿ! ಕರೆಂಟ್ ಇರೋದು ನನ್ನ ಮೈಯಲ್ಲಲ್ಲ, ಚೀಲದಲ್ಲಿ!”

ಓಯ್ವ ಬಂದು ತಾನೇ ಪರೀಕ್ಷೆ ಮಾಡಿದ. ನಾಯಿಸಾರಂಗದ ಚೀಲ ಹಾಕಿ ಎದ್ದ, ಗೆರೆ. ಬಿಚ್ಚಿ ಎದ್ದ, ಇಲ್ಲ. ಅವನ ಡಾಕ್ಟರ್ ಗಂಟಲು ಎಲ್ಲಿ ಹೋಯಿತೋ, ಹನ್ನೆರಡು ವರ್ಷದ ಗಂಟಲೇ ಉಳಿಯಿತು.

“ಬಲೂನ್ ಉಜ್ಜಿ ಗೋಡೆಗೆ ಅಂಟಿಸ್ತೀವಲ್ಲ, ಅದೇ ಇದು,” ಎಂದ. “ಚಳಿಗಾಲದಲ್ಲಿ ಮನೆಯೊಳಗಿನ ಗಾಳಿ ಒಣಗಿ ರಸ್ಕ್ ಆಗಿರುತ್ತೆ. ಉಣ್ಣೆ ಉಜ್ಜಿ ಉಜ್ಜಿ ಮೈಯಲ್ಲಿ ಕರೆಂಟ್ ಕೂರುತ್ತೆ. ಕುರ್ಚಿಯಿಂದ ಎದ್ದ ತಕ್ಷಣ ಅದು ಹಾರುತ್ತೆ. ಕೇಬಲ್‌ಗೆ ಗಾಬರಿಯಾಗುತ್ತೆ.” ಸ್ವಲ್ಪ ಹೊತ್ತು ಕಿವಿ ಕೆರೆದುಕೊಂಡ. ಸಾರಿ ಎನ್ನುವುದು ಅವನಿಗೆ ಗಂಟಲಲ್ಲಿ ಮೀನಿನ ಮುಳ್ಳು. ನೆಲದ ಟೇಪು ಕಿತ್ತು, ಮೂರು ತುಂಡು ಮಾಡಿ, ಸೈಮಿಯ ಸ್ವೆಟರಿನ ತೋಳಿಗೆ ಅಂಟಿಸಿದ. “ಕೋ-ಪೈಲಟ್‌ಗೆ ಮೂರು ಪಟ್ಟಿ.”

“ನನ್ನ ಚೀಲವಾ?” ಅಜ್ಜಿ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. “ಇಷ್ಟು ಚಳಿಗಾಲ ನಿಮ್ಮ ಕಾಲು ಕಾಪಾಡಿದ್ದಕ್ಕೆ ಈಗ ಕಳ್ಳನ ಪಟ್ಟವಾ?”

ಆಗ ಅಪ್ಪ ಬಾಯಿ ತೆರೆದರು. “ಸೌನಾ ಆದ್ಮೇಲೆ ಗಾಳಿ ಒದ್ದೆ ಇರುತ್ತೆ, ಕಿಡಿ ಬರಲ್ಲ. ಕೋಣೆ ತುಂಬ ಒದ್ದೆ ಬಟ್ಟೆ ನೇತು ಹಾಕೋಣ. ಎಲ್ರೂ ಚೀಲ ಬಿಚ್ಚಿ.”

ಅಪ್ಪನ ಬಾಯಿಂದ ಒಂದೇ ಉಸಿರಿಗೆ ಇಷ್ಟು ಮಾತು ಬಂದದ್ದನ್ನು ಕೇಳಿ ಎಲ್ಲರೂ ಹೆದರಿ ಚೀಲ ಬಿಚ್ಚಿದರು.

ಒಂದು ಗಂಟೆಯಲ್ಲಿ ಅಜ್ಜಿಯ ವಿಮಾನದ ಕಾಕ್‌ಪಿಟ್ಟಿನ ತುಂಬ ಒಗೆದ ಹಾಸಿಗೆ ಬಟ್ಟೆ, ಟವೆಲ್ಲು, ಅಪ್ಪನ ಉದ್ದನೆಯ ಒಳಚಲ್ಲಣಗಳು ನೇತಾಡಿದವು. ನಾಲ್ಕೂ ಜನ ಬರಿಗಾಲಲ್ಲಿ ಸರದಿಯ ಮೇಲೆ ಕುರ್ಚಿಯಿಂದ ನೆಗೆದರು. ಕೆಳಗಿನ ಮನೆಯವರು ಪೊರಕೆಯ ಹಿಡಿಯಿಂದ ತಮ್ಮ ಚಾವಣಿಗೆ ಕುಟ್ಟಿದರು. ಗೆರೆ ಮಾತ್ರ ಬರಲಿಲ್ಲ.

“ಗೆದ್ವಿ!” ಎಂದು ಓಯ್ವ ಕುಣಿದು ಒಂದು ಒದ್ದೆ ಚಲ್ಲಣಕ್ಕೆ ತಲೆ ಸಿಕ್ಕಿಸಿಕೊಂಡ.

ಎರಡು ಗಂಟೆಗೆ ಹತ್ತು ನಿಮಿಷ ಇತ್ತು. ಅಜ್ಜಿ ಬಸ್ಸಿನ ಸೀಟಿನಲ್ಲಿ ಕೂತು ಮಾನಿಟರನ್ನು ಬಹಳ ಹೊತ್ತು ನೋಡಿದಳು. ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು.

“ಇನ್ನೂ ಒಂದೆರಡು ಗೆರೆ ಇದೆ,” ಎಂದಳು.

“ಎಲ್ಲಿದೆ ಅಜ್ಜಿ? ಕನ್ನಡಿ ಹಾಗಿದೆ!” ಎಂದ ಓಯ್ವ, ಚಲ್ಲಣದ ಒಳಗಿಂದ.

“ಇದೆ ಅಂದ್ರೆ ಇದೆ. ಇವತ್ತು ಬೇಡ. ಮುಂದಿನ ತಿಂಗಳು ನೋಡೋಣ ಅಂತ ಅವ್ರಿಗೆ ಹೇಳ್ಬಿಡಿ.”

ಅಜ್ಜಿಯ ದನಿಯಲ್ಲಿ ಹಾರನ್ನು ಇರಲಿಲ್ಲ. ಸೈಮಿ ಅವಳ ಕೈ ನೋಡಿದಳು. ಎರಡೂ ಕೈ ಮಡಿಲಲ್ಲಿ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿದ್ದವು.

ಸೈಮಿಗೆ ಕಾಡಿನಲ್ಲಿ ಬಾಲ ಎತ್ತಿ ನಿಂತ ವಿಮಾನ ನೆನಪಾಯಿತು. ಸೂಪರ್‌ಮಾರ್ಕೆಟ್ ನೆನಪಾಯಿತು. ತಾನು ಎದ್ದದ್ದರಿಂದ ಗೆರೆ ಬಂತು, ಸರಿ. ಆದರೆ ತಾನು ಎದ್ದದ್ದು ಯಾಕೆ? ವಿಮಾನ ಆಗಲೇ ವಾಲಿತ್ತು. ಆಗಲೇ ಬೀಳುತ್ತಿತ್ತು. ಅದಕ್ಕೇ ಎದ್ದದ್ದು. ಗೆರೆ ಬಂದದ್ದು ಆಮೇಲೆ.

ಇದು ಅಜ್ಜಿಗೆ ಗೊತ್ತಿತ್ತೇ? ಮೂವತ್ತೊಂದು ವರ್ಷ ಬಸ್ಸು ಓಡಿಸಿದವಳಿಗೆ, ಮೊದಲು ಯಾವುದು, ಆಮೇಲೆ ಯಾವುದು ಎಂದು ಗೊತ್ತಾಗದೇ ಇರುತ್ತದೆಯೇ?

ಸೈಮಿ ತಿರುಗುವ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಕಣ್ಣು ಕಿರಿದು ಮಾಡಿ ಮಾನಿಟರ್ ನೋಡಿದಳು.

“ಹೌದಜ್ಜಿ,” ಎಂದಳು. “ನನಗೂ ಕಾಣ್ತಿದೆ. ಎರಡು ಗೆರೆ.”

“ಎಲ್ಲಿ—” ಎಂದು ಓಯ್ವ ಬಾಯಿ ತೆರೆದ. ಸೈಮಿ ಬರಿಗಾಲ ಹಿಮ್ಮಡಿಯಿಂದ ಅವನ ಕಾಲ್ಬೆರಳು ಮೆಟ್ಟಿದಳು. ಅವನು ಬಾಯಿ ಮುಚ್ಚಿದ.

“ಎರಡೇ ತಾನೇ, ಅಜ್ಜಿ. ಹಾಗೇ ಹಾರಿಸೋಣ. ನಾನು ನಂಬರ್ ಎಲ್ಲ ಜೋರಾಗಿ ಓದ್ತೀನಿ. ಬಿದ್ರೆ ತಪ್ಪು ಗೆರೆ ಮೇಲೆ ಹಾಕೋಣ.”

ಅಜ್ಜಿ ಅವಳ ಮುಖವನ್ನೇ ನೋಡಿದಳು. ಮಡಿಲಿನ ಕೈಗಳು ಒಂದನ್ನೊಂದು ಬಿಟ್ಟವು.

“ಬಾಗಿಲು ಹಾಕ್ರಪ್ಪಾ,” ಎಂದಳು. “ಗಾಡಿ ಹೊರಡುತ್ತೆ.”

ಎರಡು ಗಂಟೆಗೆ ಸರಿಯಾಗಿ ಬಳಗದ ಹಿರಿಯ ಕ್ಯಾಪ್ಟನ್ ಕ್ಯೋಸ್ತಿ ಮಾನಿಟರಿನ ಮೂಲೆಯ ಪುಟ್ಟ ಚೌಕದಲ್ಲಿ ಕಾಣಿಸಿಕೊಂಡರು. ಎಂಬತ್ತೆರಡು ವರ್ಷ, ಪೊದೆಯಂಥ ಹುಬ್ಬು.

“ನಮಸ್ಕಾರ ಇಂಪಿಯವರೇ. ನಿಮ್ಮ ಹಿಂದೆ ನೇತಾಡ್ತಿರೋದು ಏನದು? ಗಾಳಿ ಯಾವ ಕಡೆ ಬೀಸುತ್ತೆ ಅಂತ ನೋಡೋ ಚೀಲವಾ?”

“ನಮ್ಮ ಮಗನ ಒಳಚಲ್ಲಣ, ಕ್ಯಾಪ್ಟನ್ ಸಾಹೇಬ್ರೇ.”

“ಅಬ್ಬಾ, ಎರಡು ಕಾಲಿಂದು! ಒಳ್ಳೇ ವ್ಯವಸ್ಥೆ. ಹೊರಡಿ.”

ವಿಮಾನ ಏರಿತು. ಹಿಮದ ಕಾಡುಗಳು, ಹೆಪ್ಪುಗಟ್ಟಿದ ಸರೋವರಗಳು ಕೆಳಗೆ ಸರಿದವು. ರನ್‌ವೇಯ ದೀಪಗಳು ಕಂಡವು. ವಿಮಾನ ಎಡಕ್ಕೆ ವಾಲಿತು. ಸೈಮಿಯ ಮೈಯ ಒಂದೊಂದು ಮೂಳೆಯೂ ಎದ್ದು ನಿಲ್ಲು ಎಂದಿತು. ಅವಳು ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತೇ ಇದ್ದಳು.

“ಸ್ವಲ್ಪ ಬಲಕ್ಕೆ ಅಜ್ಜಿ. ಸಾಕು. ನೂರಡಿ. ಐವತ್ತು. ಮೂತಿ ಸ್ವಲ್ಪ ಎತ್ತು. ಇಪ್ಪತ್ತು. ಹತ್ತು.”

ಧಡ್! ವಿಮಾನ ನೆಲ ಮುಟ್ಟಿ ಮೇಲೆ ಹಾರಿತು. ಧಡ್! ಮತ್ತೆ ಹಾರಿತು. ಧಡ್! ನಿಂತಿತು.

ಕೋಣೆಯಲ್ಲಿ ಅಪ್ಪನ ಚಲ್ಲಣದಿಂದ ನೀರು ತೊಟ್ಟಿಕ್ಕುವ ಸದ್ದೊಂದೇ.

“ಇಂಪಿಯವರೇ,” ಕ್ಯಾಪ್ಟನ್ ಕ್ಯೋಸ್ತಿಯ ಹುಬ್ಬುಗಳು ಮೇಲೇರಿದವು. “ಎಲ್ರೂ ಒಂದು ಸಲ ಇಳೀತಾರೆ. ನೀವು ಮೂರು ಸಲ ಇಳಿದ್ರಿ. ಆದ್ರೆ ಮೂರೂ ರನ್‌ವೇ ಮೇಲೇ ಇಳಿದ್ರಿ. ಪಾಸ್!”

ಓಯ್ವ ಕಿರುಚಿದ. ಅಪ್ಪ “ಹ್ಮ್” ಎಂದರು, ಆದರೆ ಅದು ಬಹಳ ಉದ್ದನೆಯ ಹ್ಮ್.

“ಮಾನಿಟರ್ ಮೇಲೆ ಗೆರೆ ಇತ್ತು ಸಾಹೇಬ್ರೇ, ಅದಕ್ಕೇ ಸ್ವಲ್ಪ ಕುಣೀತು,” ಎಂದಳು ಅಜ್ಜಿ. ಹಾರನ್ನು ವಾಪಸ್ ಬಂದಿತ್ತು. “ಬೇಕಿದ್ರೆ ನಮ್ಮ ಕೋ-ಪೈಲಟ್‌ನ ಕೇಳಿ.”

“ತುಂಬಾ ಇತ್ತು,” ಎಂದಳು ಸೈಮಿ.

ಮೇಜಿನ ಕೆಳಗೆ, ಪುಟ್ಟ ಚೌಕದಲ್ಲಿ ಕಾಣದ ಕಡೆ, ಅಜ್ಜಿಯ ಕೈ ಬಂದು ಸೈಮಿಯ ಕೈ ಹಿಡಿಯಿತು. ಅಂಗೈ ತಣ್ಣಗೆ, ಬೆವರಿನಿಂದ ಒದ್ದೆಯಾಗಿತ್ತು. ಕ್ಯಾಪ್ಟನ್ ಕ್ಯೋಸ್ತಿ ಪಟ್ಟಿ ಕಳಿಸುವ ವಿಳಾಸ ಬರೆದುಕೊಂಡು ಮುಗಿಸುವವರೆಗೂ ಸೈಮಿ ಆ ಕೈಯನ್ನು ಬಿಡದೆ ಕೂತಿದ್ದಳು.